ಹನ್ನೆರಡನೇ ಕಾಲಂನ ಬೆಳೆ



1871ರಲ್ಲಿ ಮೈಸೂರು ಸಂಸ್ಥಾನದ ಜನರನ್ನು ಎಣಿಸಿದಾಗ ಲೆಕ್ಕ 50 ಲಕ್ಷ ದಾಟಿತ್ತು. ಹತ್ತು ವರ್ಷ ಕಳೆದು 1881ರಲ್ಲಿ ಮತ್ತೆ ಎಣಿಸಿದರೆ 42 ಲಕ್ಷವೂ ತುಂಬಲಿಲ್ಲ. ನಡುವೆ ಧಾತು, ಈಶ್ವರ ಸಂವತ್ಸರಗಳ ಬರ ಬಂದು ಹೋಗಿತ್ತು. ಹಳ್ಳಿಗೆ ಹಳ್ಳಿಯೇ ಬರಿದಾಗುತ್ತಿದ್ದಾಗ ಎಲ್ಲಿ ಎಷ್ಟು ಮಳೆ ತಪ್ಪಿದೆ, ಯಾವ ಸೀಮೆಯಲ್ಲಿ ಕಾಳು ಮುಗಿದಿದೆ ಎಂದು ಹೊತ್ತಿಗೆ ಸರಿಯಾಗಿ ತಿಳಿಯುವ ದಾರಿ ಆಗಿನ ಕಮಿಷನರ ಆಡಳಿತಕ್ಕೆ ಬಹಳ ಕಿರಿದಾಗಿತ್ತು. ಬರ ಎಷ್ಟು ಜನರನ್ನು ನುಂಗಿತು ಎಂಬ ನಂಬಬಹುದಾದ ಲೆಕ್ಕ ಸಿಕ್ಕಿದ್ದು ಉಳಿದವರನ್ನು ಎಣಿಸಿದ ಮೇಲೆ.

ಈಗ ನಮ್ಮ ಗ್ರಾಮ ಪಂಚಾಯತಿಗಳ ಕಡೆ ನೋಡಿ. ಕಚೇರಿಯ ಆವರಣದಲ್ಲೋ ಶಾಲೆಯ ಬಯಲಲ್ಲೋ ಒಂದು ಕಂಬ, ಅದರ ಮೇಲೆ ಚಿಕ್ಕ ಸೋಲಾರ್ ಹಲಗೆ, ಪಕ್ಕದಲ್ಲಿ ಒಂದು ಡಬ್ಬಿ. ಮಕ್ಕಳು ಅದರ ಬೇಲಿಗೆ ಬ್ಯಾಗು ತೂಗುಹಾಕಿ ಆಡುವುದೂ ಉಂಟು. ಅದು ಮಳೆಮಾಪಕ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇಂಥ ಸುಮಾರು ಆರೂವರೆ ಸಾವಿರ ಮಾಪಕಗಳನ್ನು ರಾಜ್ಯದ ಉದ್ದಗಲಕ್ಕೂ ನಿಲ್ಲಿಸಿದೆ. ಹೋಬಳಿಗಳಲ್ಲಿ ಗಾಳಿ, ಉಷ್ಣಾಂಶ, ತೇವಾಂಶ ಅಳೆಯುವ ಹವಾಮಾನ ಕೇಂದ್ರಗಳು ಬೇರೆ. ಹದಿನೈದು ನಿಮಿಷಕ್ಕೊಮ್ಮೆ ಪ್ರತಿಯೊಂದು ಮಾಪಕವೂ ತನ್ನ ಲೆಕ್ಕವನ್ನು ಬೆಂಗಳೂರಿಗೆ ಒಪ್ಪಿಸುತ್ತದೆ. ಈ ಕೇಂದ್ರ ಹುಟ್ಟಿದ್ದು 1988ರಲ್ಲಿ, ಬರ ಉಸ್ತುವಾರಿ ಘಟಕ ಎಂಬ ಹೆಸರಿನಲ್ಲಿ. ಬರವನ್ನು ಕಾಯುವುದಕ್ಕೆಂದೇ ಒಂದು ಕಚೇರಿ ಇರಬೇಕೆಂದು ಆಗ ಯೋಚಿಸಿದವರಿಗೆ ನಾವು ಕೃತಜ್ಞರಾಗಿರಬೇಕು.

ದೊಡ್ಡ ಪ್ರಮಾಣದ ಮಾಹಿತಿಯನ್ನು, ಇಂಗ್ಲಿಷಿನಿಂದ ಬಂದು ನಮ್ಮ ಪತ್ರಿಕೆಗಳಲ್ಲಿ ನೆಲೆಯಾಗಿರುವ ‘ಬಿಗ್ ಡೇಟಾ’ವನ್ನು, ಆಡಳಿತಕ್ಕೆ ಹೇಗೆ ಬಳಸಬೇಕು ಎಂಬ ಚರ್ಚೆ ಸಾಮಾನ್ಯವಾಗಿ ಹವಾನಿಯಂತ್ರಿತ ಸಭಾಂಗಣಗಳಲ್ಲಿ ನಡೆಯುತ್ತದೆ. ನಾನು ಅದನ್ನು ಹೊಲದ ಬದುವಿನ ಮೇಲೆ ಕೂತು ಮಾತಾಡಬೇಕೆಂದುಕೊಂಡಿದ್ದೇನೆ. ಕರ್ನಾಟಕದ ಮಟ್ಟಿಗೆ ಈ ಪ್ರಯೋಗ ನಿಜವಾಗಿ ನಡೆದಿರುವುದು ಅಲ್ಲಿಯೇ.

ಮೊದಲು ಪಹಣಿ. ಉತ್ತರದ ಕಡೆ ಉತಾರ ಅನ್ನುತ್ತೀರಿ. 2001ರ ಹೊತ್ತಿಗೆ ‘ಭೂಮಿ’ ಯೋಜನೆಯಡಿ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಹತ್ತಿದವು. ಶಾನುಭೋಗರ, ಆಮೇಲೆ ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕದಲ್ಲಿದ್ದ ಜಮೀನು ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಸಿಗುವಂತಾಯಿತು. ಆ ಪಹಣಿಯಲ್ಲಿ ಒಂಬತ್ತನೇ ಕಾಲಂ ಒಡೆಯನ ಹೆಸರಿಗೆ, ಹನ್ನೆರಡನೇ ಕಾಲಂ ಬೆಳೆಗೆ. ಒಂಬತ್ತಕ್ಕೆ ಕೋರ್ಟುಗಳಲ್ಲಿ ತಲೆಮಾರುಗಟ್ಟಲೆ ಜಗಳ ನಡೆದಿದೆ, ಆದ್ದರಿಂದ ಅದನ್ನು ಎಲ್ಲರೂ ಎಚ್ಚರದಿಂದ ನೋಡಿದರು. ಹನ್ನೆರಡನ್ನು ಯಾರು ನೋಡುತ್ತಿದ್ದರು? ಹೋದ ವರ್ಷದ ಬೆಳೆಯನ್ನೇ ಈ ವರ್ಷವೂ ಇಳಿಸಿ ಮುಗಿಸುವ ರೂಢಿ ಎಲ್ಲ ಜಿಲ್ಲೆಯವರಿಗೂ ಗೊತ್ತು. ಹೊಲದಲ್ಲಿ ಮೆಕ್ಕೆಜೋಳ ಆಳೆತ್ತರ ನಿಂತಿದ್ದರೂ ಕಾಗದದಲ್ಲಿ ಎಷ್ಟೋ ವರ್ಷ ನವಣೆಯೇ ಬೆಳೆಯುತ್ತಿತ್ತು. ಆ ಕಾಗದ ಮೇಲೆ ಮೇಲೆ ಕೂಡುತ್ತಾ ಹೋಗಿ ರಾಜ್ಯದ ಬಿತ್ತನೆ ವಿಸ್ತೀರ್ಣವೆಂಬ ಅಂಕಿ ಆಗುತ್ತಿತ್ತು. ಗೊಬ್ಬರ ಎಷ್ಟು ತರಿಸಬೇಕು, ಬೆಂಬಲ ಬೆಲೆಗೆ ಎಷ್ಟು ಕ್ವಿಂಟಲ್ ಕೊಳ್ಳಬೇಕು ಎಂಬ ಯೋಜನೆ ಅದರ ಮೇಲೆ ನಿಲ್ಲುತ್ತಿತ್ತು.

ಈಚಿನ ವರ್ಷಗಳಲ್ಲಿ ಬೆಳೆ ಸಮೀಕ್ಷೆ ಮೊಬೈಲಿಗೆ ಬಂದಿದೆ. ಇದರ ಕೆಲಸದ ರೀತಿ ತಿಳಿದುಕೊಳ್ಳುವಂಥದ್ದು. ಊರಿನದೇ ಹುಡುಗನೋ ಹುಡುಗಿಯೋ, ಕಚೇರಿ ಭಾಷೆಯಲ್ಲಿ ಖಾಸಗಿ ನಿವಾಸಿ, ಆ್ಯಪ್ ಹಿಡಿದು ಸರ್ವೆ ನಂಬರಿಗೆ ಹೋಗಬೇಕು. ಹೊಲದ ಗಡಿಯನ್ನು ಉಪಗ್ರಹದ ಲೆಕ್ಕದಲ್ಲಿ ಮೊದಲೇ ಗುರುತಿಸಿಟ್ಟಿರುತ್ತಾರೆ, ಆದ್ದರಿಂದ ಚಹಾದಂಗಡಿಯಲ್ಲಿ ಕೂತು ಚಿತ್ರ ಹಾಕಲು ಬರುವುದಿಲ್ಲ. ಬೆಳೆಯ ಚಿತ್ರ ತೆಗೆದು, ವಿಸ್ತೀರ್ಣ ಬರೆದು, ನೀರಾವರಿಯೋ ಖುಷ್ಕಿಯೋ ನಮೂದಿಸಿ ಕಳಿಸಿದರೆ ಮೇಲ್ವಿಚಾರಕರು ನೋಡಿ ಒಪ್ಪುತ್ತಾರೆ. ರೈತರೇ ತಮ್ಮ ಹೊಲವನ್ನು ದಾಖಲಿಸುವ ಅವಕಾಶವೂ ಇದೆ. ರಾಜ್ಯದಲ್ಲಿ ಎರಡು ಕೋಟಿಗೂ ಮೀರಿದ ತಾಕುಗಳು. ಮುಂಗಾರು, ಹಿಂಗಾರು, ಬೇಸಿಗೆ ಮೂರು ಹಂಗಾಮು. ಇದನ್ನು ರೈತರ ನೋಂದಣಿಯ ‘ಫ್ರೂಟ್ಸ್’ ತಂತ್ರಾಂಶಕ್ಕೆ ಜೋಡಿಸಿದ್ದಾರೆ. ಬ್ಯಾಂಕಿನಲ್ಲಿ, ಖರೀದಿ ಕೇಂದ್ರದಲ್ಲಿ “ಎಫ್‌ಐಡಿ ಆಗಿದೆಯಾ?” ಎಂದು ಕೇಳುತ್ತಾರಲ್ಲ, ಅದು ಇದರದೇ ಗುರುತಿನ ಸಂಖ್ಯೆ.

ಇಷ್ಟೆಲ್ಲ ಮಾಡಿ ಸಿಕ್ಕಿದ್ದೇನು? 2023ರ ಬರದಲ್ಲಿ ಸಿಕ್ಕಿತು. ಆ ವರ್ಷದ ಆಗಸ್ಟ್ ಇಡೀ ದೇಶಕ್ಕೆ 1901ರಿಂದೀಚಿನ ಅತಿ ಒಣ ಆಗಸ್ಟ್. ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. ಮುಂದೆ ಅದು 236ರಲ್ಲಿ 223ಕ್ಕೆ ಏರಿತು. ಘೋಷಣೆಗೆ ಈಗ ಮಂತ್ರಿಗಳ ಮನಸ್ಸು ಸಾಲದು. ಕೇಂದ್ರ ಸರ್ಕಾರದ 2016ರ ಬರ ನಿರ್ವಹಣಾ ಕೈಪಿಡಿಯಂತೆ ಮಳೆಯ ಕೊರತೆ, ಸತತ ಒಣವಾರಗಳು, ಬಿತ್ತನೆ, ಮಣ್ಣಿನ ತೇವ, ಉಪಗ್ರಹ ಕಂಡ ಹಸಿರು, ಜಲಾಶಯದ ಮಟ್ಟ ಇವುಗಳ ಅಂಕಿಗಳು ಕೂಡಿಬರಬೇಕು. ಆಮೇಲೆ ಶೇಕಡಾ 10ರಷ್ಟು ಹಳ್ಳಿಗಳಿಗೆ ಹೋಗಿ ಕಣ್ಣಾರೆ ನೋಡಬೇಕು. ಪರಿಹಾರ ಕೊಡುವ ಹೊತ್ತಿಗೆ, ಹಿಂದಿನಂತೆ ಅರ್ಜಿ ಹಿಡಿದು ನಾಡಕಚೇರಿಯ ಮುಂದೆ ಸಾಲು ನಿಲ್ಲುವ ಪ್ರಮೇಯ ಬಹುಮಟ್ಟಿಗೆ ತಪ್ಪಿತು. ಯಾರ ಹೆಸರಿನಲ್ಲಿ ಎಷ್ಟು ಜಮೀನು, ಅದರಲ್ಲಿ ಯಾವ ಬೆಳೆ, ಯಾವ ಬ್ಯಾಂಕ್ ಖಾತೆ ಎಂಬುದೆಲ್ಲ ಮೊದಲೇ ಒಂದೆಡೆ ಇದ್ದುದರಿಂದ ಹಣ ನೇರ ಖಾತೆಗೆ ಹೋಯಿತು. ಪಟ್ಟಿಗೆ ಹೆಸರು ಸೇರಿಸಲು ಕೈ ಬಿಸಿ ಮಾಡಬೇಕಾಗಿದ್ದ ಕಾಲವನ್ನು ಕಂಡವರಿಗೆ ಇದರ ಬೆಲೆ ಗೊತ್ತು. ನಾನು ಇದನ್ನು ದೊಡ್ಡ ಸುಧಾರಣೆ ಎಂದೇ ಎಣಿಸುತ್ತೇನೆ. ಮುಂದೆ ಆಡುವ ದೂರಿನ ಮಾತುಗಳನ್ನು ಈ ಮೆಚ್ಚುಗೆಯ ಜೊತೆಗೇ ಕೇಳಬೇಕು.

ಅದೇ ಬರದಲ್ಲಿ ಎರಡು ತಕರಾರು ಎದ್ದವು. ಎರಡೂ ಅಂಕಿಗಳದೇ.

ಒಂದು, ಹಸಿರು ಬರ. ಆಗಸ್ಟಿನಲ್ಲಿ ಒಣಗಿ, ಸೆಪ್ಟೆಂಬರಿನಲ್ಲಿ ನಾಲ್ಕು ಹನಿ ಬಿದ್ದೊಡನೆ ಹೊಲಗಳು ಮತ್ತೆ ಹಸಿರಾದವು. ಮೇಲಿನಿಂದ ನೋಡುವ ಉಪಗ್ರಹಕ್ಕೆ ಎಲೆಯ ಹಸಿರು ಕಾಣುತ್ತದೆ, ತೆನೆಯೊಳಗೆ ಕಾಳು ಕಟ್ಟಿದೆಯೇ ಎಂಬುದು ಕಾಣುವುದಿಲ್ಲ. ಕಾರಿನ ಕಿಟಕಿಯಿಂದ ನೋಡುವ ಅಧಿಕಾರಿಗೂ ಅಷ್ಟೇ. ಕೇಂದ್ರದ ಅಧ್ಯಯನ ತಂಡ ಅಕ್ಟೋಬರಿನಲ್ಲಿ ಬಂದಾಗ ರಾಜ್ಯದವರು ಹೇಳಿ ಹೇಳಿ ಸುಸ್ತಾದದ್ದು ಇದನ್ನೇ: ಹಸಿರು ಕಂಡು ಮೋಸಹೋಗಬೇಡಿ, ತೆನೆ ಮುರಿದು ನೋಡಿ.

ಇನ್ನೊಂದು, ಸಣ್ಣ ಮತ್ತು ಅತಿ ಸಣ್ಣ ರೈತರು ಎಷ್ಟು ಮಂದಿ ಎಂಬುದು. ಕೇಂದ್ರದ ನಿಯಮಗಳಲ್ಲಿ ಪರಿಹಾರದ ಮೊತ್ತ ಈ ಲೆಕ್ಕದ ಮೇಲೂ ನಿಲ್ಲುತ್ತದೆ. ಕೇಂದ್ರ ಹಿಡಿದದ್ದು 2015–16ರ ಕೃಷಿ ಗಣತಿ. ಆಮೇಲಿನ ವರ್ಷಗಳಲ್ಲಿ ಅಣ್ಣತಮ್ಮಂದಿರು ಪಾಲಾಗಿ ಹಿಡುವಳಿಗಳು ಒಡೆದಿವೆ. ಸಣ್ಣ ರೈತರ ಪಾಲು ಗಣತಿಯಲ್ಲಿ ಇರುವುದಕ್ಕಿಂತ ಬಹಳ ಹೆಚ್ಚು, ಫ್ರೂಟ್ಸ್ ಲೆಕ್ಕವನ್ನೇ ಹಿಡಿಯಿರಿ ಎಂದು ರಾಜ್ಯ ವಾದಿಸಿತು. ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, 2024ರ ಏಪ್ರಿಲ್‌ನಲ್ಲಿ ಬಿಡುಗಡೆಯಾದದ್ದು ಸುಮಾರು 3,454 ಕೋಟಿ. ಈ ಅಂತರಕ್ಕೆ ಬೇರೆ ಕಾರಣಗಳೂ ಉಂಟು, ರಾಜಕೀಯವೂ ಉಂಟು. ಆದರೂ ಒಂದು ಮಾತು ಉಳಿಯುತ್ತದೆ. ಹೊಸ ಲೆಕ್ಕ ಕೈಯಲ್ಲಿದ್ದರೂ ಹಳೆಯ ಲೆಕ್ಕವೇ ಅಧಿಕೃತವಾಗಿದ್ದರೆ, ರೈತನ ಮಟ್ಟಿಗೆ ಹೊಸದು ಹುಟ್ಟಿಯೇ ಇಲ್ಲ. ಪಡಿತರದಲ್ಲೂ ಇದೇ ಕಥೆ. ಆಹಾರ ಭದ್ರತಾ ಕಾಯ್ದೆಯ ಮಿತಿ ನಿಂತಿರುವುದು 2011ರ ಜನಗಣತಿಯ ಮೇಲೆ. ಆ ವರ್ಷ ತೊಟ್ಟಿಲಲ್ಲಿದ್ದ ಕೂಸು ಈಗ ಹೈಸ್ಕೂಲಿನಲ್ಲಿದೆ. 2021ರಲ್ಲಿ ಆಗಬೇಕಿದ್ದ ಗಣತಿ 2027ಕ್ಕೆ ನಿಗದಿಯಾಗಿದೆ. ಮನೆಮನೆಗೆ ಹೋಗಿ ಎಣಿಸುವ ಹಳೆಯ ಕೆಲಸಕ್ಕೆ ಯಾವ ಕಂಪ್ಯೂಟರ್ ರಾಶಿಯೂ ಬದಲಿಯಲ್ಲ.

ರಾಶಿ ದೊಡ್ಡದಿದ್ದರೆ ಸತ್ಯವೂ ದೊಡ್ಡದು ಎಂಬ ಭ್ರಮೆ ನಮ್ಮಲ್ಲಿ ಬೇಗ ಬೇರೂರುತ್ತಿದೆ. ಹಿಂದಿನ ಸಂಖ್ಯಾಶಾಸ್ತ್ರಜ್ಞರು ಈ ಭ್ರಮೆಯಲ್ಲಿ ಇರಲಿಲ್ಲ. ಹೂವಿನಹಡಗಲಿಯಲ್ಲಿ ಹುಟ್ಟಿ ಜಗತ್ತಿನ ಸಂಖ್ಯಾಶಾಸ್ತ್ರಕ್ಕೇ ದಿಕ್ಕು ತೋರಿದ ಸಿ.ಆರ್. ರಾವ್, ಅವರ ಗುರು ಮಹಾಲನೋಬಿಸ್ ಇವರ ತಲೆಮಾರು ಕಟ್ಟಿದ್ದು ಸ್ವಲ್ಪವನ್ನು ನೋಡಿ ಪೂರ್ತಿಯನ್ನು ಹೇಳುವ ವಿದ್ಯೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕು. ಆದರೆ ಆ ಅಗುಳನ್ನು ಪಾತ್ರೆಯ ಎಲ್ಲಿಂದ ತೆಗೆದಿರಿ ಎಂಬುದರಲ್ಲಿ ಎಲ್ಲವೂ ಇದೆ.

ಬೆಳೆ ಕಟಾವು ಪ್ರಯೋಗ ಈ ವಿದ್ಯೆಯ ಕೂಸು. ನಮ್ಮ ಬೆಳೆ ವಿಮೆ ಇವತ್ತಿಗೂ ನಿಂತಿರುವುದು ಇದರ ಮೇಲೆ. ಪಂಚಾಯತಿ ಮಟ್ಟದಲ್ಲಿ ವಿಮೆಗೆ ಸೇರಿಸಿದ ಬೆಳೆಗೆ ಒಂದು ಗ್ರಾಮ ಪಂಚಾಯತಿಯಲ್ಲಿ ಕನಿಷ್ಠ ನಾಲ್ಕು ಕಡೆ ಕಟಾವು ಮಾಡಬೇಕು. ಯಾವ ಸರ್ವೆ ನಂಬರು ಎಂಬುದನ್ನು ಚೀಟಿ ಎತ್ತಿದ ಹಾಗೆ ಆಯ್ದು, ಆ ಹೊಲದೊಳಗೆ ಎಷ್ಟು ಹೆಜ್ಜೆ ಉದ್ದ, ಎಷ್ಟು ಹೆಜ್ಜೆ ಅಡ್ಡ ನಡೆಯಬೇಕೆಂಬುದನ್ನೂ ಹಾಗೆಯೇ ಆಯ್ದು, ಅಲ್ಲಿ ಹಗ್ಗ ಹಿಡಿದು ಸಾಮಾನ್ಯವಾಗಿ ಐದು ಮೀಟರ್ ಚೌಕ ಗುರುತು ಮಾಡಿ, ಅಷ್ಟನ್ನೇ ಕೊಯ್ದು ಬಡಿದು ತೂಗುತ್ತಾರೆ. ಹಿಂದಿನ ಏಳು ವರ್ಷಗಳಲ್ಲಿ ಉತ್ತಮವಾದ ಐದು ವರ್ಷಗಳ ಸರಾಸರಿಯಿಂದ ಕಟ್ಟಿದ ಮಟ್ಟಕ್ಕಿಂತ ಇಳುವರಿ ಕೆಳಗಿಳಿದರೆ ಆ ಪಂಚಾಯತಿಯ ಎಲ್ಲ ವಿಮೆದಾರರಿಗೂ ಪರಿಹಾರ. ಅಂದರೆ ಎರಡು ಕೋಟಿ ತಾಕಿನ ಚಿತ್ರಗಳು ಒಂದು ಕಡೆ ಇರಲಿ, ಸಾವಿರಾರು ಜನರ ವಿಮೆಯ ಹಣ ತೀರ್ಮಾನವಾಗುವುದು ನಾಲ್ಕು ಚೌಕಗಳ ತೂಕದಲ್ಲಿ.

ಆ ಚೌಕದ ಅಂಚಿನಲ್ಲಿ ಒಂದು ಗಿಡ ಇರುತ್ತದೆ. ಒಳಗೋ ಹೊರಗೋ? 1940ರ ದಶಕದಲ್ಲಿ ಪಿ.ವಿ. ಸುಖಾತ್ಮೆ ಅವರು ಇದನ್ನು ಬೆನ್ನುಹತ್ತಿ ತೋರಿಸಿದರು: ತುಂಡು ಚಿಕ್ಕದಾದಷ್ಟೂ ಅಂಚಿನ ಗಿಡಗಳನ್ನು ಒಳಗೆ ಎಳೆದುಕೊಳ್ಳುವ ಚಾಳಿ ಹೆಚ್ಚು, ಇಳುವರಿ ಇದ್ದದ್ದಕ್ಕಿಂತ ಮೇಲೆ ಕಾಣುತ್ತದೆ. ಕೊಯ್ಯುವವರಿಗೆ ಕೆಟ್ಟ ಉದ್ದೇಶವೇನೂ ಇರಬೇಕಾಗಿಲ್ಲ. ವಿಮೆ ಬಂದ ಮೇಲೆ ಉದ್ದೇಶಗಳೂ ಬಂದಿವೆ. ರೈತನಿಗೆ ಇಳುವರಿ ಕಡಿಮೆ ಕಾಣಬೇಕು, ಕಂಪನಿಗೆ ಹೆಚ್ಚು. ಈಗ ಕಟಾವಿನ ಜಾಗ, ಹೊತ್ತು, ಚಿತ್ರ ಎಲ್ಲವೂ ಆ್ಯಪಿನಲ್ಲಿ ದಾಖಲಾಗುತ್ತವೆ, ಅದರಿಂದ ಎಷ್ಟೋ ತಕರಾರು ತಗ್ಗುತ್ತದೆ. ಹಗ್ಗ ಹಿಡಿಯುವ ಕೈ ಮಾತ್ರ ಮನುಷ್ಯನದೇ.

ಮಲೆನಾಡಿಗೆ ಹೋದರೆ ಕಥೆ ಬೇರೆ. ಅಡಿಕೆ, ಕಾಳುಮೆಣಸಿಗೆ ಇರುವುದು ಹವಾಮಾನ ಆಧಾರಿತ ವಿಮೆ. ಇಲ್ಲಿ ಯಾರೂ ತೋಟಕ್ಕೆ ಬರುವುದಿಲ್ಲ. ಇಷ್ಟು ದಿನ ಬಿಡದೆ ಮಳೆ ಹಿಡಿದರೆ ಕೊಳೆರೋಗ ಬಂದೀತೆಂದು ಲೆಕ್ಕ ಹಾಕಿ, ಪಂಚಾಯತಿಯ ಮಳೆಮಾಪಕ ಏನು ಹೇಳುತ್ತದೋ ಅದರಂತೆ ಹಣ. ಯೋಜನೆ ಜಾಣತನದ್ದು, ಪಂಚನಾಮೆ ಬೇಡ, ಶಿಫಾರಸು ಬೇಡ. ಆದರೆ ಮಲೆನಾಡಿನ ಮಳೆ ಪಂಚಾಯತಿ ಗಡಿ ನೋಡಿ ಸುರಿಯುವುದಿಲ್ಲ. ಗುಡ್ಡದ ಈ ಮಗ್ಗುಲಲ್ಲಿ ಗೊನೆ ಕೊಳೆತು ಉದುರುತ್ತಿದ್ದರೆ ಆ ಮಗ್ಗುಲಲ್ಲಿ ಬಿಸಿಲು ಕಾಯುತ್ತಿರುತ್ತದೆ. ಸಾಲದ್ದಕ್ಕೆ ಮಾಪಕಗಳೇ ಕೆಟ್ಟು ಕೂತರೆ? ಉತ್ತರ ಕನ್ನಡದ ಬೆಳೆಗಾರರು ಬೀದಿಗಿಳಿದದ್ದು ಇದಕ್ಕೇ. ಸೋಲಾರ್ ಹಲಗೆಯ ಮೇಲೆ ಪಾಚಿ, ಕೊಳವೆಯಲ್ಲಿ ತರಗೆಲೆ, ಬ್ಯಾಟರಿ ಸತ್ತುಹೋಗಿದೆ, ದತ್ತಾಂಶದ ಜಾಗದಲ್ಲಿ ಸೊನ್ನೆ. ಮಾಪಕ ಸೊನ್ನೆ ಎಂದರೆ ಮಳೆ ಬರಲಿಲ್ಲ ಎಂದೋ, ಮಾಪಕ ಬದುಕಿಲ್ಲ ಎಂದೋ? ಕಂಪ್ಯೂಟರಿಗೆ ಎರಡೂ ಒಂದೇ. ತೋಟದ ಯಜಮಾನನಿಗೆ ಎರಡರ ನಡುವೆ ಒಂದು ವರ್ಷದ ಜೀವನ ಇದೆ.

ಹೊಸ ಯಂತ್ರ ಉದ್ಘಾಟಿಸಲು ರಿಬ್ಬನ್ ಸಿಗುತ್ತದೆ. ಹಳೆಯ ಯಂತ್ರದ ಪಾಚಿ ಉಜ್ಜಲು ಆಳು ಸಿಗುವುದಿಲ್ಲ. ಮಾಹಿತಿ ಆಧಾರಿತ ಆಡಳಿತ ಬೇಕೆನ್ನುವವರು ಮೊದಲು ನಿರ್ವಹಣೆಗೆ ಹಣ ಇಡಲಿ. ನೀತಿ ಆಯೋಗದ ಕೋಣೆಯ ದೊಡ್ಡ ಪರದೆ ಆಮೇಲೆ ಬರಲಿ.

ಇನ್ನೊಂದು ಕಡೆ ನೋಡಿ: ಈ ರಾಶಿಯಲ್ಲಿ ಯಾರು ಇಲ್ಲವೇ ಇಲ್ಲ? ನಮ್ಮಲ್ಲಿ 1974ರ ಭೂಸುಧಾರಣೆಯ ತಿದ್ದುಪಡಿ ಗೇಣಿಯನ್ನು ನಿಷೇಧಿಸಿತು. ಉಳುವವನಿಗೆ ಭೂಮಿ ಕೊಟ್ಟ ಆ ಕಾನೂನು ಇತಿಹಾಸದಲ್ಲಿ ದೊಡ್ಡದೇ. ಆದರೆ ಕಾನೂನಿನಲ್ಲಿ ಗೇಣಿ ಇಲ್ಲದಿದ್ದರೂ ಊರಲ್ಲಿ ಇದೆ: ಕೋರು, ಪಾಲು, ಲಾವಣಿ, ಬೇರೆ ಬೇರೆ ಹೆಸರಿನಲ್ಲಿ. ಬಾಯಿಮಾತಿನ ಕರಾರಿನಲ್ಲಿ ಬೆಳೆದವನಿಗೆ ಪಹಣಿ ಇಲ್ಲ, ಪಹಣಿ ಇಲ್ಲದವನಿಗೆ ಎಫ್‌ಐಡಿ ಇಲ್ಲ, ಎಫ್‌ಐಡಿ ಇಲ್ಲದವನ ಬೆಳೆ ಒಣಗಿದರೆ ಪರಿಹಾರ ಪಟ್ಟಣದಲ್ಲಿರುವ ಜಮೀನುದಾರನ ಖಾತೆಗೆ ಹೋಗುತ್ತದೆ. ಗಂಡ ತೀರಿಕೊಂಡು ಹೊಲ ಇನ್ನೂ ಮಾವನ ಹೆಸರಿನಲ್ಲೇ ಇರುವ ಹೆಣ್ಣುಮಗಳೂ ಹಾಗೆಯೇ. ಪೌತಿ ಖಾತೆ ಆಗದೆ ಸತ್ತವರ ಹೆಸರಿನಲ್ಲಿ ಉಳಿದ ಜಮೀನು ರಾಜ್ಯದಲ್ಲಿ ಲಕ್ಷಗಟ್ಟಲೆ ಇದೆ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಬೆಳೆಯುವ ಅವರೆ, ತೊಗರಿ, ಹುಚ್ಚೆಳ್ಳು ಕೂಡ ಈ ಕಾಣದವರ ಸಾಲಿಗೇ ಸೇರುತ್ತವೆ. ಆ್ಯಪಿನಲ್ಲಿ ಮಿಶ್ರ ಬೆಳೆ ಬರೆಯಲು ಅವಕಾಶವಿದೆ. ತಾಕಿಗೆ ಇಷ್ಟು ಎಂದು ಗೌರವಧನ ಪಡೆಯುವ ಹುಡುಗ ಸಂಜೆಯೊಳಗೆ ಹೆಚ್ಚು ತಾಕು ಮುಗಿಸಬೇಕಾದಾಗ ‘ರಾಗಿ’ ಎಂದು ಒತ್ತಿ ಮುಂದೆ ಹೋಗುತ್ತಾನೆ. ಮನೆಯ ಸಾರಿಗೆ ಬೇಕಾದ ಬೇಳೆಕಾಳು ರಾಜ್ಯದ ಲೆಕ್ಕದಿಂದ ಹೊರಗುಳಿಯುತ್ತದೆ. ದತ್ತಾಂಶದ ಮೇಲೆ ನೀತಿ ಮಾಡುವವರು ಅದರಲ್ಲಿ ಇಲ್ಲದ್ದಕ್ಕೆ ನೀತಿ ಮಾಡಲಾರರು.

ಹೊರಗುಳಿಸುವುದು ಒಂದಾದರೆ ಹೊರದಬ್ಬುವುದು ಇನ್ನೊಂದು. ನೆರೆಯ ತೆಲಂಗಾಣದಲ್ಲಿ ಹಲವು ಇಲಾಖೆಗಳ ಮಾಹಿತಿಯನ್ನು ಬೆಸೆದು, ಯಾರು ಬಡವರಲ್ಲ ಎಂದು ಯಂತ್ರದಿಂದ ಹುಡುಕಿಸಿದರು. ಪಡಿತರ ಚೀಟಿಗಳು ರಾಶಿರಾಶಿಯಾಗಿ ರದ್ದಾದವು. ಹೆಸರಿನ ಕಾಗುಣಿತ ಹತ್ತಿರವಾಗಿದ್ದರೆ ಸಾಕು, ಯಾರದೋ ಕಾರು ಇನ್ಯಾರದೋ ತಲೆಗೆ ಬಂತು. ಕೊನೆಗೆ 2022ರಲ್ಲಿ ಸುಪ್ರೀಂ ಕೋರ್ಟು, ರದ್ದಾದ ಸುಮಾರು 19 ಲಕ್ಷ ಚೀಟಿಗಳನ್ನು ಸ್ಥಳಕ್ಕೆ ಹೋಗಿ ಮರುಪರಿಶೀಲಿಸಿ ಎಂದು ಹೇಳಬೇಕಾಯಿತು. ನಮ್ಮಲ್ಲೂ ‘ಕುಟುಂಬ’ ಎಂಬ ತಂತ್ರಾಂಶ ಮನೆಯವರ ಮಾಹಿತಿಯನ್ನು ಬೆಸೆಯುತ್ತದೆ. ಯಾರಿಗೆ ಯಾವ ಸವಲತ್ತು ಬರಬೇಕಿತ್ತು, ಬಂದಿಲ್ಲ ಎಂದು ಹುಡುಕಲು ಬಳಸಿದರೆ ಅದು ಪುಣ್ಯದ ಕೆಲಸ. ಹೆಸರು ಸೇರಿಸಲು ಯಂತ್ರದ ಮಾತು ಸಾಕು ಎನ್ನೋಣ. ಹೆಸರು ಹೊಡೆಯುವಾಗ ಮನುಷ್ಯನೊಬ್ಬ ಆ ಮನೆಯ ಬಾಗಿಲಿಗೆ ಹೋಗಲೇಬೇಕು. ಇದನ್ನು ನಿಯಮವಾಗಿ ಬರೆದಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಹಾಗಾದರೆ ತಿದ್ದುವುದು ಹೇಗೆ? ಬೆಳೆ ಸಮೀಕ್ಷೆಯನ್ನು ಬೀಗ ಹಾಕುವ ಮೊದಲು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಹೇಳುವುದಕ್ಕಿಂತ ಒಳ್ಳೆಯ ತಪಾಸಣೆ ನನಗೆ ತೋಚುವುದಿಲ್ಲ. ಸರ್ವೆ ನಂಬರು ಇಂಥದ್ದು, ಇಂಥವರದು, ಬೆಳೆ ಇಂಥದ್ದು. ಊರ ಜನ ಪಕ್ಕದ ಹೊಲವನ್ನು ಉಪಗ್ರಹಕ್ಕಿಂತ ಚೆನ್ನಾಗಿ ಬಲ್ಲರು. “ಅಲ್ಲಿ ಎಲ್ಲಿಯ ಈರುಳ್ಳಿ ಮಾರಾಯ, ಮೂರು ವರ್ಷದಿಂದ ಪಾಳು ಬಿದ್ದಿದೆ” ಎಂದು ಯಾರೋ ಒಬ್ಬರು ಹೇಳಿಯೇ ಹೇಳುತ್ತಾರೆ. ಬ್ಯಾಂಕ್ ಖಾತೆ, ಆಧಾರ್ ಸಂಖ್ಯೆ ಬೀದಿಗೆ ಬರಬಾರದು, ಸರಿ. ಬೆಳೆಯ ವಿಷಯದಲ್ಲಿ ಗುಟ್ಟೇನಿದೆ? ಬಯಲಲ್ಲಿ ನಿಂತಿರುವಂಥದ್ದೇ.

ಅಲ್ಲಿಯತನಕ ಕೇಳುಗರಲ್ಲಿ ರೈತರಾಗಿರುವವರಿಗೆ ಒಂದು ವಿನಂತಿ. ಬೆಳೆ ವಿಮೆಯ ಅರ್ಜಿಯಲ್ಲಿ ನೀವು ಬರೆಸಿದ ಬೆಳೆ ಒಂದು, ಸಮೀಕ್ಷೆಯಲ್ಲಿ ದಾಖಲಾದ ಬೆಳೆ ಇನ್ನೊಂದು ಎಂಬ ಕಾರಣಕ್ಕೇ ಎಷ್ಟೋ ಪರಿಹಾರಗಳು ತಡೆಹಿಡಿದು ಕೂತಿವೆ. ‘ಬೆಳೆ ದರ್ಶಕ್’ ಆ್ಯಪಿನಲ್ಲಿ ನಿಮ್ಮ ಸರ್ವೆ ನಂಬರು ಹಾಕಿದರೆ ಯಾವ ಬೆಳೆ ಬರೆದಿದ್ದಾರೆ, ಯಾವ ಚಿತ್ರ ತೆಗೆದಿದ್ದಾರೆ ಎಂಬುದು ಕಾಣುತ್ತದೆ. ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಬಹುದು. ಫೋನು ಬಾರದವರು ಮನೆಯ ಮಕ್ಕಳಿಂದ ನೋಡಿಸಿ, ಇಲ್ಲವೇ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಆಕ್ಷೇಪಣೆಗೆ ಕೊಡುವ ಅವಧಿ ಚಿಕ್ಕದು. ಹಂಗಾಮಿನ ಸಮೀಕ್ಷೆ ಮುಗಿಯಿತೆಂದು ಕೇಳಿದ ವಾರದಲ್ಲೇ ನೋಡಿಬಿಡಿ.